ಗದ್ದಲದೊಳಗಿನ ಎರಡು ನ್ಯಾನೊವೋಲ್ಟ್

ಭೌತಶಾಸ್ತ್ರದ ಲ್ಯಾಬುಗಳಲ್ಲಿ ದುಬಾರಿ ಉಪಕರಣಗಳಿಗೇನೂ ಬರವಿಲ್ಲ. ಎದುರಿಗೆ ಸುಮ್ಮನೆ ಕೂತು ನೋಡಬೇಕೆನಿಸುವಂಥವು ಕಡಿಮೆ. ನನ್ನ ಪಾಲಿಗೆ ಅವುಗಳಲ್ಲಿ ಮೊದಲನೆಯದು ಡಿಜಿಟಲ್ ಲಾಕ್-ಇನ್ ಆಂಪ್ಲಿಫೈಯರ್, ಅದರಲ್ಲೂ ಸ್ಟ್ಯಾನ್‌ಫರ್ಡ್ ರಿಸರ್ಚ್ ಸಿಸ್ಟಮ್ಸ್‌ನವರ ಎಸ್‌ಆರ್830. ನೋಟಕ್ಕೆ ಏನೂ ವಿಶೇಷವಿಲ್ಲ: ಅಂಕಿ ತೋರಿಸುವ ಮೂರು ಕಿಟಕಿ, ಒಂದು ತಿರುಗುಗುಂಡಿ, ಸಾಲು ಸಾಲು ಬಟನ್ನುಗಳು. ಆದರೆ ಅದರ ಅತಿ ಸೂಕ್ಷ್ಮ ಅಳತೆಪಟ್ಟಿ 2 ನ್ಯಾನೊವೋಲ್ಟ್. ಒಂದು ವೋಲ್ಟನ್ನು ನೂರು ಕೋಟಿ ಪಾಲು ಮಾಡಿದರೆ, ಅದರಲ್ಲಿ ಎರಡು ಪಾಲು.

ಇಷ್ಟು ಕ್ಷೀಣವಾದದ್ದನ್ನು ಬರೀ ದೊಡ್ಡದು ಮಾಡಿ ಪ್ರಯೋಜನವಿಲ್ಲ, ಜೊತೆಗಿರುವ ಗದ್ದಲವೂ ದೊಡ್ಡದಾಗುತ್ತದೆ. ಗೋಡೆಯ ವೈರಿನಿಂದ 50 ಹರ್ಟ್ಸ್ ಗುಂಯ್‌ಗುಡುತ್ತದೆ. ಯಾವುದಕ್ಕೂ ಜೋಡಿಸದೆ ಮೇಜಿನ ಮೇಲೆ ಬಿದ್ದಿರುವ ಒಂದು ಕಿಲೋಓಮ್ ರೆಸಿಸ್ಟರ್ ಕೂಡ ಕೋಣೆಯ ಬಿಸಿಗೇ ಗೊಣಗುತ್ತಿರುತ್ತದೆ. ಒಂದೇ ಹರ್ಟ್ಸ್ ಅಗಲದ ಕಿಂಡಿಯಿಂದ ಕೇಳಿದರೂ ಸುಮಾರು 4 ನ್ಯಾನೊವೋಲ್ಟ್.

ಹಾಗಾಗಿ ಇಲ್ಲಿನ ಉಪಾಯವೇ ಬೇರೆ. ಮಸುಕು ಬೆಳಕೊಂದನ್ನು ಅಳೆಯಬೇಕು ಅನ್ನಿ. ಅದರ ದಾರಿಯಲ್ಲಿ ಹಲ್ಲುಹಲ್ಲಿನ ಚಕ್ರವೊಂದನ್ನು ತಿರುಗಿಸಿ ಸೆಕೆಂಡಿಗೆ 317 ಸಲ ತಡೆಯುತ್ತೇವೆ. (ಐವತ್ತರ ಮಗ್ಗಿಯಿಂದ ದೂರವಿರುವ ಇಂಥ ಒಡ್ಡೊಡ್ಡು ಸಂಖ್ಯೆಗಳೆಂದರೆ ಈ ಕೆಲಸದವರಿಗೆ ಬಲು ಪ್ರೀತಿ.) ತಾಳ ಹಾಕುವವರು ನಾವೇ, ಜಾತ್ರೆಯ ಗಲಾಟೆಯಲ್ಲಿ ಆ ತಾಳಕ್ಕೆ ಹಾಡುವವನೊಬ್ಬನಿಗೆ ಮಾತ್ರ ಯಂತ್ರ ಕಿವಿಗೊಡುತ್ತದೆ. ಬಂದದ್ದನ್ನೆಲ್ಲ ಅದೇ 317ರ ಸೈನ್ ಅಲೆಯಿಂದ ಗುಣಿಸಿ ಸರಾಸರಿ ತೆಗೆದರೆ, ತಾಳಕ್ಕೆ ಹೊಂದದ್ದು ಒಮ್ಮೆ ಧನ, ಒಮ್ಮೆ ಋಣವಾಗಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ.

ಈ ತತ್ತ್ವ ಹಳೆಯದು. 1941ರಲ್ಲೇ ಮೈಕೆಲ್ಸ್ ಮತ್ತು ಕರ್ಟಿಸ್ ಇದನ್ನು ವಾಲ್ವುಗಳಲ್ಲಿ ಕಟ್ಟಿದ್ದರು. ಮುಂದೆ ಪ್ರಿನ್ಸ್‌ಟನ್ನಿನ ರಾಬರ್ಟ್ ಡಿಕಿ ಮತ್ತು ಸಂಗಡಿಗರು ಇದನ್ನು ಮಾರಲು ಕಂಪನಿಯನ್ನೇ ತೆರೆದರು. ಹಳೆಯ ಅನಲಾಗ್ ಯಂತ್ರಗಳು ಬಹುಪಾಲು ಚೌಕ ಅಲೆಯಿಂದ ಗುಣಿಸುತ್ತಿದ್ದುದರಿಂದ ಮೂರುಪಟ್ಟು, ಐದುಪಟ್ಟು ಆವರ್ತನದ ಗದ್ದಲವೂ ಒಳನುಸುಳುತ್ತಿತ್ತು. ಎಸ್‌ಆರ್830 ಸೆಕೆಂಡಿಗೆ 2,56,000 ಸಲ ಸಂಕೇತವನ್ನು ಅಂಕಿಯಾಗಿಸಿ, ಲೆಕ್ಕದಿಂದಲೇ ಹುಟ್ಟಿದ ಶುದ್ಧ ಸೈನ್ ಅಲೆಯೊಂದಿಗೆ ಗುಣಿಸುತ್ತದೆ. ಗದ್ದಲ ಸಂಕೇತದ ಲಕ್ಷಪಟ್ಟಿದ್ದರೂ ಅಳತೆ ಕೆಡುವುದಿಲ್ಲ.

ಇನ್ನು ನನಗೆ ಅತ್ಯಂತ ರುಚಿಸುವ ಭಾಗ, ಟೈಮ್ ಕಾನ್‌ಸ್ಟಂಟ್. ಸರಾಸರಿಗೆ ಎಷ್ಟು ಹೊತ್ತು ಕೊಡಬೇಕೆಂದು ನಿರ್ಧರಿಸುವ ಬಟನ್ನು ಅದು. ಮಿಲಿಸೆಕೆಂಡಿಗಿಟ್ಟರೆ ಅಂಕಿಗಳು ಕುಣಿಯುತ್ತವೆ. ನೂರಕ್ಕೇರಿಸಿದರೆ ಬಲಗಡೆಯ ಕೊನೆಯ ಅಂಕಿಯಷ್ಟೇ ಚಡಪಡಿಸುತ್ತದೆ. ಸೆಕೆಂಡಿಗೇರಿಸಿದಾಗ ಅದೂ ನಿಧಾನಕ್ಕೆ ಒಂದೆಡೆ ಕೂರುತ್ತದೆ. ಇಲ್ಲಿ ರಿಯಾಯಿತಿಯಿಲ್ಲ: ಗದ್ದಲ ಹತ್ತರಲ್ಲೊಂದಾಗಬೇಕಾದರೆ ಹೊತ್ತು ನೂರುಪಟ್ಟಾಗಬೇಕು. ಗರಿಷ್ಠ 30,000 ಸೆಕೆಂಡು, ಎಂದರೆ ಎಂಟು ಗಂಟೆ ಇಪ್ಪತ್ತು ನಿಮಿಷ! ಅಷ್ಟು ತಾಳ್ಮೆ ಯಾರಿಗಿದೆಯೋ, ಆದರೆ ಆ ಅವಕಾಶವನ್ನು ಇಟ್ಟವರ ಮೇಲೆ ನನಗೆ ಗೌರವ.

ಇಂದಿನ ಹೊಸ ಲಾಕ್-ಇನ್‌ಗಳು ಮೆಗಾಹರ್ಟ್ಸ್‌ಗಳಲ್ಲಿ ಓಡುತ್ತವೆ, ಎಲ್ಲವನ್ನೂ ಕಂಪ್ಯೂಟರ್ ಪರದೆಯ ಮೇಲೆ ತೋರಿಸುತ್ತವೆ. ಸಾಮರ್ಥ್ಯದಲ್ಲಿ ಅವೇ ಮೇಲು, ತಕರಾರಿಲ್ಲ. ಕಲಿಯಲು ಮಾತ್ರ ಹಳೆಯದೇ ವಾಸಿ. ನಿಮಗೆ ಅದು ಸಿಕ್ಕರೆ, ಸಂಕೇತಕ್ಕೂ ಗುಣಿಸುವ ಅಲೆಗೂ ಹೆಜ್ಜೆಯನ್ನು ತಾನೇ ಹೊಂದಿಸುವ ಆಟೊ ಫೇಸ್ ಬಟನ್ನನ್ನು ಒತ್ತುವ ಆತುರ ಬೇಡ. ಗುಂಡಿಯನ್ನು ಕೈಯಾರೆ ತಿರುಗಿಸಿ, ವೈ (ಹೆಜ್ಜೆ ತಪ್ಪಿದ ಪಾಲು) ಸೊನ್ನೆಗಿಳಿಯುತ್ತ ಎಕ್ಸ್ (ಹೆಜ್ಜೆ ಕೂಡಿದ ಪಾಲು) ತುಂಬಿಕೊಳ್ಳುವುದನ್ನು ಒಮ್ಮೆ ನೋಡಿ. ಆಟೊ ಬಟನ್ನನ್ನು ಆಮೇಲೆ ಒತ್ತಿದರಾಯಿತು.