'ಉದ್ದೇಶ'ವೆಂಬ ಶಬ್ದದ ಮೇಲಣ ಹೊರೆ

ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರ ಮಾಡುವವರಿಗೆ ವಸ್ತುವಾಚಕ ಶಬ್ದಗಳಿಗಿಂತ ಮನೋವ್ಯಾಪಾರವನ್ನು ಹೇಳುವ ಶಬ್ದಗಳಿಂದ ಒದಗುವ ತೊಡಕು ಹೆಚ್ಚಿನದು. ಆದರೆ ಅದು ಕಣ್ಣಿಗೆ ಬೀಳುವುದು ಕಡಿಮೆ. ಹೊಸ ವಸ್ತುವಿಗೆ ಹೆಸರಿಲ್ಲದಿದ್ದರೆ ಲೇಖನಿಯು ತಾನಾಗಿಯೇ ನಿಲ್ಲುತ್ತದೆ. ಮನಸ್ಸಿನ ವ್ಯಾಪಾರಕ್ಕಾದರೋ ಯಾವುದಾದರೊಂದು ಸಂಸ್ಕೃತ ಶಬ್ದವು ಸದಾ ಕೈಗೆಟಕುವಂತಿರುವುದರಿಂದ ಲೇಖಕನು ತಡವರಿಸದೆ ಮುಂದೆ ಸಾಗುತ್ತಾನೆ. ಕಮಲಾಪುರದ ಬಳಿಯ ವಿದ್ಯಾರಣ್ಯದಲ್ಲಿರುವ, 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ತನ್ನ ವಿಭಾಗಗಳಿಗೆ ಅಧ್ಯಯನಾಂಗ, ಆಡಳಿತಾಂಗ, ಪ್ರಸಾರಾಂಗಗಳೆಂದೂ, ಘಟಿಕೋತ್ಸವಕ್ಕೆ ನುಡಿಹಬ್ಬವೆಂದೂ, ಗೌರವ ಪದವಿಗೆ ನಾಡೋಜವೆಂದೂ ಹೆಸರಿಟ್ಟಿತು. ಈ ಹೆಸರುಗಳು ಬಳಕೆಯಲ್ಲಿ ನೆಲೆಯೂರಿದವು. ಏಕೆಂದರೆ ಅವುಗಳ ಹಿಂದೆ ಬೆರಳಿಟ್ಟು ತೋರಿಸಬಹುದಾದ ಒಂದೊಂದು ಪದಾರ್ಥವಿತ್ತು. 'ಇಂಟೆನ್ಷನ್', 'ಪರ್ಪಸ್', 'ಮೋಟಿವ್', 'ಆಬ್ಜೆಕ್ಟ್' ಎಂಬ ಶಬ್ದಗಳಿಗೆ ಅಂತಹ ಅನುಕೂಲವಿಲ್ಲ. ಈ ನಾಲ್ಕನ್ನೂ ನಾವು 'ಉದ್ದೇಶ'ವೆಂಬ ಒಂದೇ ಶಬ್ದದ ಹೆಗಲಿಗೆ ಹೊರಿಸಿದ್ದೇವೆ. ಅದರಿಂದ ಒದಗಿರುವ ಹಾನಿಯು ಶೈಲಿಗೆ ಮಾತ್ರ ಸಂಬಂಧಪಟ್ಟುದಲ್ಲವೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ವಿಷಯ.

ಇಂಗ್ಲಿಷ್ ಶಬ್ದಗಳಿಗೆ ಕನ್ನಡದಲ್ಲಿ ಸಾಟಿಗಳನ್ನು ಹುಡುಕುವ ಕೆಲಸವು ಈ ಪ್ರಾಂತಕ್ಕೆ ಹೊಸದಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯಾಗುವವರೆಗೆ ಕಮಲಾಪುರವು ಬಳ್ಳಾರಿ ಜಿಲ್ಲೆಗೆ ಸೇರಿತ್ತಷ್ಟೆ. ಆ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೇ ಹೊರಬಿದ್ದಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಬಂದದ್ದು 1946ರಲ್ಲಿ. ನಿಘಂಟುಕಾರರ ಶ್ರಮವು ಸ್ತುತ್ಯವಾದುದು. ಆದರೆ ಒಂದು ಶಬ್ದದ ಮುಂದೆ ಐದಾರು ಪರ್ಯಾಯಗಳನ್ನು ಸಾಲಾಗಿ ನಿಲ್ಲಿಸುವುದು ನಿಘಂಟಿನ ಧರ್ಮ. ಎಲ್ಲಿ ಯಾವುದು ಸಲ್ಲುವುದೆಂದು ಆರಿಸುವುದು ಭಾಷಾಂತರಕಾರನ ಧರ್ಮ. ಎರಡನೆಯ ಧರ್ಮವು ನಮ್ಮಲ್ಲಿ ಲೋಪವಾಗಿದೆ.

ತೊಡಕಿಗೆ ಇನ್ನೊಂದು ಮೂಲವುಂಟು. ಸಂಸ್ಕೃತದಿಂದ ಬಂದ ಈ ಶಬ್ದಗಳು ಕನ್ನಡದಲ್ಲಿ ತಮ್ಮ ಹಳೆಯ ಮನೆಯನ್ನು ಬಿಟ್ಟಿವೆ. ನ್ಯಾಯಶಾಸ್ತ್ರದಲ್ಲಿ ಉದ್ದೇಶ, ಲಕ್ಷಣ, ಪರೀಕ್ಷೆಗಳೆಂಬ ಮೂರು ಮೆಟ್ಟಲುಗಳಿದ್ದು, ಅಲ್ಲಿ ಉದ್ದೇಶವೆಂದರೆ ಪದಾರ್ಥವನ್ನು ಹೆಸರಿಸುವುದು ಮಾತ್ರ. ಅಭಿಪ್ರಾಯವೆಂಬುದು ಸಂಸ್ಕೃತದಲ್ಲಿ ಮನಸ್ಸಿನಲ್ಲಿಟ್ಟುಕೊಂಡ ಅರ್ಥ ಅಥವಾ ಗುರಿಯಾಗಿದ್ದರೆ, ನಮ್ಮಲ್ಲಿ ಅದು ಮತವೆಂಬ ಅರ್ಥಕ್ಕೆ ಇಳಿದಿದೆ, 'ನಿಮ್ಮ ಅಭಿಪ್ರಾಯವೇನು?' ಎಂದು ಕೇಳಿದರೆ ಯಾರೂ ತಮ್ಮ ಮನದಿಂಗಿತವನ್ನು ಬಿಚ್ಚಿಡುವುದಿಲ್ಲ. ಪ್ರಯೋಜನವು ಶಾಸ್ತ್ರಗ್ರಂಥದ ಅನುಬಂಧಗಳಲ್ಲಿ ಒಂದಾಗಿದ್ದುದು ಹೋಗಿ ಲಾಭ, ಉಪಯೋಗಗಳ ಸಾಲಿಗೆ ಸೇರಿದೆ. ಆಶಯವಂತೂ ಬಹುವೇಷಧಾರಿ. ಜಾನಪದದಲ್ಲಿ ಅದು 'ಮೋಟಿಫ್' ಎಂಬುದರ ಪರಿಭಾಷೆ, ಸಭೆಗಳಲ್ಲಿ ಆಶಯನುಡಿ, ಭಾಷಣಕಾರರಲ್ಲಿ ಸಂವಿಧಾನದ ಆಶಯ. ಒಟ್ಟಿನಲ್ಲಿ ಅದಕ್ಕೊಂದು ಮಂಗಳಕರವಾದ ವಾಸನೆಯು ಅಂಟಿಕೊಂಡಿದೆ. 'ಕೊಲ್ಲುವ ಆಶಯದಿಂದ' ಎಂದು ಬರೆದರೆ ಕೊಲೆಗೂ ಒಂದು ಉದ್ಘಾಟನಾ ಸಮಾರಂಭವಿತ್ತೇನೋ ಎಂಬ ಭ್ರಾಂತಿಯುಂಟಾಗುತ್ತದೆ. ಹೀಗೆ ಒಂದೊಂದೂ ಬೇರೆ ಕೆಲಸಕ್ಕೆ ಹೋಗಿಬಿಟ್ಟುದರಿಂದ, ಮನೆಯಲ್ಲಿ ಉಳಿದ ಉದ್ದೇಶವೇ ಎಲ್ಲ ಊಳಿಗಕ್ಕೂ ಬಂದಿತು.

ಇದು ಎಲ್ಲಿ ಅಪಾಯಕರವಾಗುವುದೆಂಬುದಕ್ಕೆ ದಂಡಸಂಹಿತೆಗಿಂತ ಉತ್ತಮವಾದ ನಿದರ್ಶನವಿಲ್ಲ. 1860ರ ಭಾರತೀಯ ದಂಡಸಂಹಿತೆಯ 34ನೆಯ ಪ್ರಕರಣವು, ಹಲವರು ಕೂಡಿದ 'ಇಂಟೆನ್ಷನ್' ಒಂದನ್ನು ಸಾಧಿಸಲು ನಡೆಸಿದ ಅಪರಾಧಕ್ಕೆ ಪ್ರತಿಯೊಬ್ಬನೂ ತಾನೊಬ್ಬನೇ ಮಾಡಿದಂತೆ ಹೊಣೆಯಾಗುವನೆನ್ನುತ್ತದೆ. ಈ 'ಇಂಟೆನ್ಷನ್' ಮೊದಲ ಪಾಠದಲ್ಲಿರಲಿಲ್ಲ. 1870ರ ತಿದ್ದುಪಡಿಯಿಂದ ಸೇರಿತು. 149ನೆಯ ಪ್ರಕರಣವಾದರೋ ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟಕ್ಕೆ ಸಂಬಂಧಪಟ್ಟುದು. ಅಲ್ಲಿರುವ ಶಬ್ದ 'ಆಬ್ಜೆಕ್ಟ್'. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 3(5) ಮತ್ತು 190ನೆಯ ಪ್ರಕರಣಗಳಾಗಿ ಮುಂದುವರಿದಿವೆ. ಎರಡು ಶಬ್ದಗಳೂ ಒಂದೇ ಅಲ್ಲವೆಂದು 1925ರಲ್ಲಿ ಬರೇಂದ್ರ ಕುಮಾರ್ ಘೋಷ್ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ವಿವರಿಸಿದೆ. ಆದರೆ ನಮ್ಮ ದೂರು, ದೋಷಾರೋಪಣೆಗಳ ಒಕ್ಕಣೆಯಲ್ಲಿ ಸಾಮಾನ್ಯವಾಗಿ ಕಾಣಬರುವುದು 'ಅಕ್ರಮ ಕೂಟ ರಚಿಸಿಕೊಂಡು ಸಮಾನ ಉದ್ದೇಶದಿಂದ' ಎಂಬ ಒಂದೇ ಮಾತು. ಎರಡು ಬೀಗಗಳಿಗೂ ಒಂದೇ ಕೀಲಿ!

'ಉದ್ದೇಶ'ದ ದೋಷವನ್ನು ಕ್ಷಮಿಸಿದರೂ 'ಸಮಾನ'ದ ದೋಷವನ್ನು ಕ್ಷಮಿಸಲಾಗದು. ಕನ್ನಡದಲ್ಲಿ ಸಮಾನವೆಂದರೆ ಸರಿಸಮವಾದುದು, ಒಂದನ್ನೊಂದು ಹೋಲುವುದು. ಇಬ್ಬರು ಸಮಾನ ವಯಸ್ಕರೆಂದರೆ ಅವರಿಬ್ಬರಿಗೂ ಕೂಡಿ ಒಂದೇ ವಯಸ್ಸಿದೆಯೆಂದಲ್ಲ. ಒಬ್ಬೊಬ್ಬನಿಗೂ ಅಷ್ಟಷ್ಟೇ ವಯಸ್ಸಿದೆಯೆಂದು. ಹಾಗೆಯೇ ಸಮಾನ ಉದ್ದೇಶವೆಂದರೆ ಒಬ್ಬೊಬ್ಬನ ಮನಸ್ಸಿನಲ್ಲಿಯೂ ಬೇರೆ ಬೇರೆಯಾಗಿದ್ದು ಒಂದೇ ತೆರನಾದ ಉದ್ದೇಶವೆಂದಾಗುತ್ತದೆ. ಇಷ್ಟು ಸಾಲದೆಂಬುದೇ 1945ರ ಮೆಹಬೂಬ್ ಷಾ ಮೊಕದ್ದಮೆಯ ತಿರುಳು. ಸಿಂಧೂ ನದಿಯ ದಡದಲ್ಲಿ ಜೊಂಡು ಕೊಯ್ದ ವಿಷಯವಾಗಿ ಜಗಳವೆದ್ದು, ಪೆಟ್ಟು ತಿಂದ ಬಂಧುವಿನ ಕೂಗು ಕೇಳಿ ಬಂದೂಕು ಹಿಡಿದು ಇಬ್ಬರು ಓಡಿಬಂದರು. ಒಬ್ಬನ ಗುಂಡಿಗೆ ಒಬ್ಬನು ಸತ್ತನು. ಮೆಹಬೂಬ್ ಷಾನ ಗುಂಡು ಇನ್ನೊಬ್ಬನನ್ನು ಗಾಯಗೊಳಿಸಿತಷ್ಟೆ. ಆದರೂ ಕೊಲೆಗಾಗಿ ಮರಣದಂಡನೆಯಾದದ್ದು ಮೆಹಬೂಬನಿಗೆ. ಬಂಧುವನ್ನು ಬಿಡಿಸಬೇಕೆಂಬ ಒಂದೇ ತೆರನಾದ ಮನಸ್ಸು ಇಬ್ಬರಿಗೂ ಇದ್ದಿರಬಹುದು, ಆದರೆ ಕೊಲ್ಲುವುದಕ್ಕಾಗಿ ಇಬ್ಬರ ಮನಸ್ಸೂ ಕೂಡಿತ್ತೆಂಬುದಕ್ಕೆ ಆಧಾರವಿಲ್ಲವೆಂದು ಪ್ರಿವಿ ಕೌನ್ಸಿಲ್ ಕೊಲೆಯ ಅಪರಾಧದಿಂದ ಅವನನ್ನು ಬಿಡಿಸಿತು. ಒಬ್ಬನ ಪ್ರಾಣವುಳಿದದ್ದು ಯಾವ ಭೇದದಿಂದಲೋ ಆ ಭೇದವನ್ನೇ ಕನ್ನಡದ ರೂಢಿಯ ಮಾತು ಅಳಿಸಿಹಾಕುತ್ತದೆ. ಕಾನೂನು ಸಾಲದೆಂದುದನ್ನೇ ಅದು ಸಾಕೆಂದು ಹೇಳುತ್ತದೆ. ನ್ಯಾಯಾಧೀಶರ ಮುಂದೆ ಇಂಗ್ಲಿಷ್ ಪಾಠವಿರುತ್ತದೆಯಾದ್ದರಿಂದ ಅವರು ಮೋಸಹೋಗರೆನ್ನಬಹುದು. ಆದರೆ ದೋಷಾರೋಪಣೆಯನ್ನು ಆರೋಪಿಗೆ ಓದಿ ವಿವರಿಸಬೇಕೆಂಬುದು ವಿಧಿ. ಹೊಸಪೇಟೆಯಲ್ಲಾಗಲಿ ಸಂಡೂರಿನಲ್ಲಾಗಲಿ ಕಟಕಟೆಯಲ್ಲಿ ನಿಂತವನು ಕೇಳುವುದು ಕನ್ನಡದ ಮಾತನ್ನೇ.

ಹಿಂದಿಯವರು ಇಲ್ಲಿ ನಮಗಿಂತ ಎಚ್ಚರದಿಂದ ನಡೆದಿದ್ದಾರೆ. ಅವರು 34ಕ್ಕೆ 'ಸಾಮಾನ್ಯ ಆಶಯ'ವೆಂದೂ 149ಕ್ಕೆ 'ಸಾಮಾನ್ಯ ಉದ್ದೇಶ್ಯ'ವೆಂದೂ, 'ಮೋಟಿವ್' ಎಂಬುದಕ್ಕೆ 'ಹೇತು'ವೆಂದೂ ಬೇರೆ ಬೇರೆಯಾಗಿ ಇಟ್ಟುಕೊಂಡರು. ಅದನ್ನು ಹಾಗೆಯೇ ಎತ್ತಿಕೊಳ್ಳೋಣವೆಂದರೆ ನಮ್ಮಲ್ಲಿ ಸಾಮಾನ್ಯವೆಂಬುದು ಸಾಧಾರಣವಾದುದು, ಹೆಚ್ಚಳವಿಲ್ಲದುದು ಎಂಬರ್ಥಕ್ಕೆ ವಾಲಿದೆ. ನಮ್ಮವರು 'ಸಮಾನ'ವನ್ನು ಹಿಡಿದುದಕ್ಕೆ ಇದೇ ಕಾರಣವಿದ್ದೀತು. ಕೆಸರನ್ನು ತಪ್ಪಿಸಲು ಹೋಗಿ ಮುಳ್ಳು ತುಳಿದಂತಾಯಿತು.

ಹಾಗಾದರೆ ಕನ್ನಡಕ್ಕೆ ಸಾಮರ್ಥ್ಯವಿಲ್ಲವೇ? ಇದಕ್ಕೆ ಉತ್ತರವು ಕಮಲಾಪುರದಿಂದ ಕೂಗಳತೆಯಲ್ಲಿರುವ ಹಂಪೆಯ ಕಲ್ಲುಗಳಲ್ಲಿಯೇ ಇದೆ. ದಕ್ಷಿಣ ಭಾರತ ಶಾಸನಗಳ 9ನೆಯ ಸಂಪುಟದಲ್ಲಿ ಪ್ರಕಟವಾಗಿರುವ ವಿಜಯನಗರ ಕಾಲದ ಕನ್ನಡ ದಾನಶಾಸನಗಳನ್ನು ನೋಡಿದವರಿಗೆ 'ಪುಣ್ಯವಾಗಬೇಕೆಂದು' ಎಂಬ ಒಕ್ಕಣೆಯು ಚಿರಪರಿಚಿತ. ದಾನಿಯು ತನ್ನ ತಂದೆತಾಯಿಗಳಿಗೋ ಒಡೆಯನಿಗೋ ಪುಣ್ಯವಾಗಬೇಕೆಂದು ಭೂಮಿಯನ್ನು ಬಿಡುತ್ತಾನೆ. 'ಪುಣ್ಯಪ್ರಾಪ್ತಿಯ ಉದ್ದೇಶದಿಂದ' ಎನ್ನುವುದಿಲ್ಲ. ಇದರಲ್ಲಿ ಕನ್ನಡದ ಜಾಯಮಾನವು ಅಡಗಿದೆ. ಇಂಗ್ಲಿಷು ನಾಮಪದದಲ್ಲಿ ಹೇಳುವುದನ್ನು ಕನ್ನಡವು ಕ್ರಿಯೆಯಲ್ಲಿಯೂ ಪ್ರತ್ಯಯದಲ್ಲಿಯೂ ಹೇಳುತ್ತದೆ. ಮಾಡಲು, ಮಾಡಲೆಂದು, ಮಾಡಬೇಕೆಂದು, ಮಾಡುವುದಕ್ಕಾಗಿ, ಮಾಡಲೋಸುಗ—ಇವು ಒಂದೇ ಅರ್ಥದ ಐದು ರೂಪಗಳಲ್ಲ. 'ಹೊಡೆಯಲು ಹೋದನು' ಎಂದಾಗ ಕಾರ್ಯದ ಗುರಿ ಮಾತ್ರ ತಿಳಿಯುತ್ತದೆ. 'ಹೊಡೆಯಬೇಕೆಂದು ಹೋದನು' ಎಂದಾಗ ಅವನ ಮನಸ್ಸು ಒಳಗೆ ಆಡಿಕೊಂಡ ಮಾತು ಕೇಳಿಸುತ್ತದೆ. ಎಂದು ಎಂಬುದು ಎನ್ನು ಧಾತುವಿನಿಂದ ಹುಟ್ಟಿದುದಷ್ಟೆ. 'ಬೇಕೆಂದೇ ಹೊಡೆದನು' ಎಂಬಲ್ಲಿಯ ಅವಧಾರಣೆಯು ಆಕಸ್ಮಿಕವನ್ನು ಒಂದೇ ಅಕ್ಷರದಿಂದ ಹೊರದೂಡುತ್ತದೆ. ಹೀಗಿರುವಲ್ಲಿ 'ಉದ್ದೇಶಪೂರ್ವಕವಾಗಿ'ಯೆಂಬ ಏಳೆಂಟು ಅಕ್ಷರಗಳ ಸಮಾಸವು ಹೆಚ್ಚಾಗಿ ಏನನ್ನು ಕೊಡುತ್ತದೆಯೆಂಬುದು ನನಗಂತೂ ತಿಳಿಯದು.

ಆದರೂ ಪರಿಭಾಷೆಗೆ ನಾಮಪದಗಳು ಬೇಕು. ಶೀರ್ಷಿಕೆಯನ್ನು ಕ್ರಿಯಾಪದದಿಂದ ಬರೆಯಲಾಗುವುದಿಲ್ಲ. ನನ್ನ ಸೂಚನೆಯೇನೆಂದರೆ, 'ಮೋಟಿವ್' ಎಂಬುದಕ್ಕೆ ಹೇತುವನ್ನು ಮೀಸಲಿಡಬೇಕು. ಹಗೆತನವಾಗಲಿ ಆಸ್ತಿಯ ಆಸೆಯಾಗಲಿ ಕೃತ್ಯದ ಹಿಂದೆ ನಿಂತು ನೂಕುವುದು ಹೇತು. ಮುಂದೆ ನಿಂತು ಸೆಳೆಯುವುದು ಗುರಿ. ಬಿಲ್ಲುಗಾರಿಕೆಯಿಂದ ಬಂದ ಈ ಅಚ್ಚಗನ್ನಡ ಶಬ್ದವು ಕೂಟದ 'ಆಬ್ಜೆಕ್ಟ್' ಎಂಬುದಕ್ಕೆ ಚೆನ್ನಾಗಿ ಒಪ್ಪುತ್ತದೆ. 'ಇಂಟೆನ್ಷನ್' ಎಂಬುದಕ್ಕೆ ಸಂಕಲ್ಪವು ತಕ್ಕುದು. ಅದು ಪೂಜೆಯ ಶಬ್ದವೆಂದು ಹಿಂಜರಿಯಬೇಕಾಗಿಲ್ಲ. ಪೂಜೆಯಲ್ಲಿಯೂ ಇಂತಹ ಕರ್ಮವನ್ನು ಮಾಡುವೆನೆಂದು ಕರ್ತೃವು ನಿಶ್ಚಯಿಸಿಕೊಳ್ಳುವುದೇ ಸಂಕಲ್ಪ, ದಂಡಶಾಸ್ತ್ರವು ಕೇಳುವುದೂ ಅದನ್ನೇ. ಆಡುಮಾತಿನಲ್ಲಿ ಇರಾದೆಯೆಂಬ ಶಬ್ದವಿದೆ. ನ್ಯಾಯಾಲಯದಲ್ಲಿ ವಿವರಿಸಿ ಹೇಳುವಾಗ ಅದನ್ನು ಬಳಸಿದರೆ ಕೇಳುವವನಿಗೆ ಸಂಕಲ್ಪಕ್ಕಿಂತ ಬೇಗ ತಿಳಿದೀತು. ಪರಭಾಷೆಯದೆಂದು ಅದನ್ನು ತಳ್ಳುವವರು ಸಂಕಲ್ಪವೂ ಕನ್ನಡದ ನೆಲದಲ್ಲಿ ಹುಟ್ಟಿದುದಲ್ಲವೆಂಬುದನ್ನು ನೆನೆಯಬೇಕು.

ಇನ್ನು 34ನೆಯ ಪ್ರಕರಣದ ಮಾತು. 'ಒಡಂಬಟ್ಟ ಸಂಕಲ್ಪ'ವೆನ್ನಬಹುದಿತ್ತು, ಆದರೆ ಒಡಂಬಡಿಕೆಯು ಬಾಯಿಮಾತಿನ ಅಥವಾ ಬರಹದ ಕರಾರನ್ನು ನೆನಪಿಗೆ ತರುತ್ತದೆ. ಮನಸ್ಸುಗಳು ಕೂಡುವುದು ಸ್ಥಳದಲ್ಲಿಯೇ, ಕ್ಷಣಮಾತ್ರದಲ್ಲಿ ಆಗಬಹುದೆಂದು ನ್ಯಾಯಾಲಯಗಳು ಒಪ್ಪಿವೆಯಾಗಿ ಅದು ಅತಿವ್ಯಾಪ್ತವಲ್ಲದಿದ್ದರೂ ಅವ್ಯಾಪ್ತವಾಗುತ್ತದೆ. 'ಕೂಡಿದ ಸಂಕಲ್ಪ'ವು ಮೇಲು. ಕೂಡುಕುಟುಂಬವೆಂದಾಗ ಹಲವು ಸಮಾನ ಕುಟುಂಬಗಳೆಂದು ಯಾರೂ ತಿಳಿಯುವುದಿಲ್ಲ. ಕೂಡಿ ಒಂದಾದುದೆಂದೇ ತಿಳಿಯುತ್ತಾರೆ.

ಸಾಹಿತ್ಯದ ಅಧ್ಯಾಪಕರಿಗೂ ಇದರಲ್ಲಿ ಪಾಲುಂಟು. ಕೃತಿಯನ್ನು ಕರ್ತೃವಿನ 'ಇಂಟೆನ್ಷನ್'ನಿಂದ ಅಳೆಯಲಾಗದೆಂದು ವಿಮ್ಸಾಟ್ ಮತ್ತು ಬಿಯರ್ಡ್‌ಸ್ಲಿ 1946ರಲ್ಲಿ ಹೂಡಿದ ವಾದವನ್ನು ತರಗತಿಯಲ್ಲಿ ವಿವರಿಸುವಾಗ ಕವಿಯ ಉದ್ದೇಶ, ಕವಿಯ ಆಶಯವೆಂಬ ಮಾತುಗಳನ್ನು ಒಂದರ ಬದಲಿಗೆ ಒಂದನ್ನಿಟ್ಟು ನಡೆಸುತ್ತೇವೆ. ಅದೇ ತರಗತಿಯ ಪಠ್ಯಪುಸ್ತಕದಲ್ಲಿ ಪದ್ಯದ ಜೊತೆಗೆ 'ಆಶಯ ಭಾವ'ವೆಂಬ ಟಿಪ್ಪಣಿಯಿರುತ್ತದೆ. ಆ ಆಶಯವು ಕವಿಯದೋ, ಪದ್ಯದ್ದೋ, ಸಂಪಾದಕರದೋ? ವಿದ್ಯಾರ್ಥಿಯು ಕೇಳುವುದಿಲ್ಲ, ಕೇಳಿದರೆ ಉತ್ತರ ಹೇಳುವುದು ಸುಲಭವೂ ಅಲ್ಲ. ನಮ್ಮ ಶಾಸ್ತ್ರಕಾರರು ಇದಕ್ಕೆ ಬೇಕಾದ ವಿಭಾಗವನ್ನು ಆಗಲೇ ಮಾಡಿಟ್ಟಿದ್ದಾರೆ. ಹೇಳುವವನ ಹೇಳಬೇಕೆಂಬ ಇಚ್ಛೆಯು ವಿವಕ್ಷೆ. ವಾಕ್ಯವು ಯಾವುದರ ಪರವಾಗಿ ನಿಂತಿದೆಯೋ ಅದು ತಾತ್ಪರ್ಯ. ಕಾವ್ಯದಿಂದ ಕವಿಗೂ ಸಹೃದಯನಿಗೂ ಆಗುವುದು ಪ್ರಯೋಜನ. ವಿಮ್ಸಾಟರ ವಾದವು ನಿಷೇಧಿಸುವುದು ಮೊದಲನೆಯದನ್ನು ಮಾತ್ರ. ಆ ಟಿಪ್ಪಣಿಗೆ 'ತಾತ್ಪರ್ಯ'ವೆಂದು ಹೆಸರಿಡೋಣವೆಂದರೆ, ಗದ್ಯದಲ್ಲಿ ಬಿಡಿಸಿ ಬರೆದ ಸಾರಾಂಶಕ್ಕೆ ಆ ಶಬ್ದವನ್ನು ನಾವೇ ಎಂದೋ ಕೊಟ್ಟುಬಿಟ್ಟಿದ್ದೇವೆ. ಅದನ್ನು ಮರಳಿ ಪಡೆಯುವುದು ಹೊಸ ಶಬ್ದವನ್ನು ಟಂಕಿಸುವುದಕ್ಕಿಂತ ಕಷ್ಟವಾದೀತು. ವಿವಕ್ಷೆಯಾದರೂ ಇನ್ನೂ ಯಾರ ಕೈಗೂ ಸಿಕ್ಕದೆ ಹೊಸದಾಗಿಯೇ ಇದೆ.