ಕೆಲಸಕ್ಕೆ ತಕ್ಕ ಕಾಸು, ಯಾವ ಕೆಲಸಕ್ಕೆ?

ಸರ್ಕಾರಿ ಆಸ್ಪತ್ರೆಗೆ ವರ್ಷಕ್ಕಿಷ್ಟು ಅಂತ ಕೊಡೋದು ಬಿಟ್ಟು, ಮಾಡಿದ ಕೆಲಸ ನೋಡಿ ಹಣ ಕೊಡಿ ಅನ್ನೋ ಮಾತು ಕೇಳೋಕೆ ಚಂದ. ಇಂಗ್ಲೆಂಡಿನವರು 2003ರಿಂದ ಆ ದಾರಿ ಹಿಡಿದರು. ನಮ್ಮಲ್ಲೂ 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅರ್ಧ ಅದೇ ಇದೆ: ಸಂಬಳ, ಕಟ್ಟಡ ಸರ್ಕಾರದ್ದು, ಮೇಲಿಂದ ಮೂಳೆ ಜೋಡಿಸಿದ್ದಕ್ಕೆ, ಹರ್ನಿಯಾ ಕೊಯ್ದಿದ್ದಕ್ಕೆ ಪ್ಯಾಕೇಜ್ ದರದಂತೆ ಸರ್ಕಾರಿ ಆಸ್ಪತ್ರೆಯೂ ಕ್ಲೇಮ್ ಹಾಕಬಹುದು. ಕೊಪ್ಪಳದ ದೊಡ್ಡಾಸ್ಪತ್ರೆಗೆ ಇದರಿಂದ ನಾಲ್ಕು ಕಾಸು ಬಂದರೆ ನನಗೇನೂ ಹೊಟ್ಟೆಯುರಿ ಇಲ್ಲ.

ನನ್ನ ತಕರಾರು ನವಲಿಯಲ್ಲಿ ನಿಂತು ನೋಡಿದಾಗ ಶುರುವಾಗ್ತದ. ಬಿ.ಪಿ. ಗುಳಿಗೆ ತಪ್ಪದಂಗ ನೋಡಿಕೊಂಡು ಒಬ್ಬರಿಗೆ ಲಕ್ವಾ ಹೊಡೆಯದಂತೆ ತಡೆದರೆ ಅದಕ್ಕೆ ಯಾವ ಪ್ಯಾಕೇಜು? ಹೊಡೆದ ಮೇಲೆ ದಾಖಲಾದರೆ ಬಿಲ್ಲು ಹುಟ್ಟುತ್ತದೆ; ಹೊಡೆಯದಿದ್ದರೆ ಲೆಕ್ಕದಲ್ಲಿ ಏನೂ ನಡೆದೇ ಇಲ್ಲ. ಹಾವು ಕಚ್ಚಿದವರಿಗೆ ಅಂತ ಔಷಧಿ ಇಟ್ಟುಕೊಂಡು ರಾತ್ರಿ ನರ್ಸಮ್ಮ ಎಚ್ಚರ ಇರೋದೂ ಕೆಲಸವೇ. ಯಾರೂ ಬರದ ರಾತ್ರಿಗೆ ಕೂಲಿ ಯಾರು ಕೊಡ್ತಾರ?

ಎಣಿಸಿ ಕೊಡೋ ಪದ್ಧತಿಯ ರುಚಿ ಆಶಾ ಕಾರ್ಯಕರ್ತೆಯರನ್ನ ಕೇಳಬೇಕು. ಇಷ್ಟು ಬಾಣಂತಿ, ಇಷ್ಟು ಲಸಿಕೆ ಅಂತ ಲೆಕ್ಕ ಹಾಕಿ ಪ್ರೋತ್ಸಾಹಧನ. 2025ರ ಜನವರಿ ಚಳಿಯೊಳಗ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತು ಅವರು ಕೇಳಿದ್ದೇನು? ತಿಂಗಳಿಗೆ 15,000 ರೂಪಾಯಿ ನಿಗದಿತ ಗೌರವಧನ. ಸಿಕ್ಕಿದ್ದು ಕನಿಷ್ಠ 10,000ದ ಭರವಸೆ. ಎಣಿಕೆಯೊಳಗೇ ಬದುಕಿದವರು ಎಣಿಕೆ ಸಾಕು ಅಂದರು, ಮೇಜಿನ ಮುಂದೆ ಕೂತವರಿಗೆ ಮಾತ್ರ ಅದೇ ಹೊಸ ಔಷಧಿಯಂತೆ ಕಾಣ್ತದ.

ದೊಡ್ಡಾಸ್ಪತ್ರೆಗೆ ಕ್ಲೇಮ್ ಇರಲಿ. ಹಳ್ಳಿಯ ಪಿ.ಎಚ್.ಸಿ.ಗೆ ಮಾತ್ರ ರೋಗಿ ಬರಲಿ ಬಿಡಲಿ, ಡಾಕ್ಟರು, ನರ್ಸು, ಔಷಧಿಗೆ ಬೇಕಾದಷ್ಟು ಹಣ ಮೊದಲೇ ಬಂದು ಕೂತಿರಬೇಕು.