ಮನೋಧರ್ಮ ಮತ್ತು ಸ್ವಹಾನಿ: ಒಂದು ವಿಮರ್ಶೆ

ತಮ್ಮ ದೇಹಕ್ಕೆ ತಾವೇ ಗಾಯಮಾಡಿಕೊಳ್ಳುವ ತರುಣರನ್ನು ಕುರಿತ ಮನಶ್ಶಾಸ್ತ್ರದ ಬರಹಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ: ಇವರ ಮನೋಧರ್ಮ ತೀವ್ರವಾದುದು, ಸಂಕಟವನ್ನು ನಿಭಾಯಿಸುವ ಕೌಶಲ ಇವರಲ್ಲಿ ಕಡಿಮೆ. ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಇವನ್ನು ಪರೀಕ್ಷಿಸದೆ ಒಪ್ಪಿಕೊಂಡರೆ ವಿದ್ಯಾರ್ಥಿಗೆ ಅನ್ಯಾಯವಾದೀತೆಂದು ನಾವು ಭಾವಿಸುತ್ತೇವೆ.

ಮೊದಲು ಮನೋಧರ್ಮವನ್ನು ವಿಚಾರಿಸೋಣ. ಅಲೆಗ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿಗಳು 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ದೀರ್ಘಾವಧಿಯ ಅಧ್ಯಯನವು ಮಕ್ಕಳ ಸ್ವಭಾವದಲ್ಲಿ 9 ಲಕ್ಷಣಗಳನ್ನು ಗುರುತಿಸಿತು. ‘ಕಷ್ಟದ ಮಗು’ ಎಂಬ ಹೆಸರನ್ನು ಹಿಡಿದುಕೊಂಡ ಅನೇಕರು ಆ ವಿದ್ವಾಂಸರ ಮುಖ್ಯ ತತ್ತ್ವವಾದ ಹೊಂದಿಕೆಯನ್ನು ಮರೆಯುತ್ತಾರೆ. ಅವರ ಮತದಲ್ಲಿ ಕೇಡಿರುವುದು ಸ್ವಭಾವದಲ್ಲಲ್ಲ. ಸ್ವಭಾವಕ್ಕೂ ಪರಿಸರದ ನಿರೀಕ್ಷೆಗೂ ಹೊಂದಿಕೆಯಾಗದಿರುವಲ್ಲಿ. ಮಾರ್ಷಾ ಲಿನಹಾನ್ ಅವರು 1993ರ ಗ್ರಂಥದಲ್ಲಿ ಹೇಳುವುದೂ ಇದಕ್ಕೆ ಸಮೀಪವಾದುದು: ಜನ್ಮತಃ ಬಂದ ಭಾವತೀವ್ರತೆಯೊಡನೆ ಆ ಭಾವವನ್ನು ಅಲ್ಲಗಳೆಯುವ ಪರಿಸರವೂ ಕೂಡಿದಾಗ ವಿಪತ್ತು ಬೆಳೆಯುತ್ತದೆ.

ಇನ್ನು ಕೌಶಲದ ಮಾತು. ಲಾಜರಸ್ ಮತ್ತು ಫೋಕ್‌ಮನ್ ಅವರು 1984ರಲ್ಲಿ ನಿಭಾವಣೆಯನ್ನು ಎರಡು ಬಗೆಯಾಗಿ ವಿಂಗಡಿಸಿದರು: ಸಮಸ್ಯೆಯನ್ನೇ ಎದುರಿಸುವುದು ಒಂದು, ಅದರಿಂದೆದ್ದ ಭಾವವನ್ನು ಶಮನಗೊಳಿಸುವುದು ಇನ್ನೊಂದು. ಸ್ವಹಾನಿಯು ಹಲವರಿಗೆ ಅಸಹನೀಯ ಭಾವವನ್ನು ಕ್ಷಣಕಾಲ ತಗ್ಗಿಸುತ್ತದೆಂದು ನಾಕ್ ಮತ್ತು ಪ್ರಿನ್‌ಸ್ಟೈನ್ 2004ರಲ್ಲಿ ತೋರಿಸಿದರು. ಹಾಗಾದರೆ ಅದೂ ಒಂದು ನಿಭಾವಣೆಯೇ, ಅಪಾಯಕರವಾದುದೆಂಬುದು ನಿಜ. ‘ಕೌಶಲವಿಲ್ಲ, ಆದ್ದರಿಂದ ಸ್ವಹಾನಿ’ ಎಂದಷ್ಟೇ ಹೇಳಿದರೆ ಅದು ವಿವರಣೆಯಾಗದೆ ಪುನರುಕ್ತಿಯಾಗುತ್ತದೆ. ಮೇಲಾಗಿ, ಒಂದೇ ದಿನ ಒಂದೇ ಪ್ರಶ್ನಾವಳಿಯಿಂದ ಎಲ್ಲವನ್ನೂ ಅಳೆದರೆ ಕಾರಣವಾವುದು, ಕಾರ್ಯವಾವುದು ಎಂಬುದು ತಿಳಿಯದು. ನೊಂದವನು ತನ್ನ ಸ್ವಭಾವವನ್ನೂ ನೋವಿನ ಬಣ್ಣದಲ್ಲಿಯೇ ಚಿತ್ರಿಸಿಯಾನು.

ಇದು ಬರಿಯ ಪಂಡಿತರ ವಾದವಲ್ಲ. ‘ಅವಳ ಸ್ವಭಾವವೇ ಹಾಗೆ’ ಎಂದು ಅಧ್ಯಾಪಕರು ಕೈಬಿಟ್ಟಲ್ಲಿ, ಅಲ್ಲಗಳೆಯುವ ಪರಿಸರಕ್ಕೆ ಕಾಲೇಜೂ ಸೇರಿದಂತಾಯಿತು. ಕೌಶಲವನ್ನಾದರೋ ಕಲಿಸಬಹುದು. ಸಂಕಟವನ್ನು ಸಹಿಸುವುದು, ಭಾವವನ್ನು ಹತೋಟಿಯಲ್ಲಿಡುವುದು ಮುಂತಾದವನ್ನು ಲಿನಹಾನ್ ಅವರ ಕ್ರಮದಲ್ಲಿ ಕಲಿಸಿದಾಗ, ಹೋಲಿಕೆಯ ಗುಂಪಿನವರಿಗಿಂತ ಆ ಹದಿಹರೆಯದವರಲ್ಲಿ ಸ್ವಹಾನಿ ಕಡಿಮೆಯಾದುದನ್ನು 2014ರಲ್ಲಿ ಪ್ರಕಟವಾದ ನಾರ್ವೆಯ ಪರೀಕ್ಷೆಯೂ 2018ರ ಅಮೆರಿಕದ ಪರೀಕ್ಷೆಯೂ ತೋರಿಸಿವೆ. ಎರಡನೆಯದರಲ್ಲಿ ವರ್ಷ ಕಳೆಯುವ ಹೊತ್ತಿಗೆ ಆ ಅಂತರ ಕುಗ್ಗಿದುದನ್ನೂ ಇಲ್ಲಿ ಹೇಳಲೇಬೇಕು. ಎಂದರೆ, ಕಲಿಸಿ ಸುಮ್ಮನಾದರೆ ಸಾಲದು, ಆಸರೆ ಮುಂದುವರಿಯಬೇಕು.

ಚಿಕಿತ್ಸೆ ಅಧ್ಯಾಪಕರ ಕೆಲಸವಲ್ಲ. ಗದರಿಸದೆ ಕೇಳುವುದು, ಒಂಟಿಯಾಗಿ ಬಿಡದಿರುವುದು, ತಜ್ಞರ ಬಳಿಗೆ ಕರೆದೊಯ್ಯುವುದು ಅವರ ಕೆಲಸ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆ ಪ್ರತಿಯೊಂದು ಅಧ್ಯಾಪಕರ ಕೊಠಡಿಯಲ್ಲಿಯೂ ಇರತಕ್ಕದ್ದು. ಮನೋಧರ್ಮವು ಹಣೆಬರಹವಲ್ಲವೆಂಬ ಮಾತು ಇಂತಹ ನಡತೆಯಿಂದಲೇ ಸಾರ್ಥಕವಾಗಬೇಕು.